ಬಸ್ಸಲ್ಲಿ ಬರುವವರು 6 ಅಂಕ ಹಿಂದೆ: ವಿದ್ಯಾರ್ಥಿ ಗುಂಪುಗಳ ಫಲಿತಾಂಶ ಹೋಲಿಸುವುದು ಹೇಗೆ?

ಸೆಮಿಸ್ಟರ್ ಫಲಿತಾಂಶ ಬಂದ ವಾರ ಕೊಡಗಿನ ಡಿಗ್ರಿ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಒಂದೇ ಬಗೆಯ ಮಾತು ಕೇಳಿಸುತ್ತದೆ. ಹುಡುಗಿಯರು ಮುಂದೆ, ಹುಡುಗರು ಹಿಂದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅಕೌಂಟೆನ್ಸಿ ಹತ್ತುವುದಿಲ್ಲ. ತೋಟದ ಲೈನ್ ಮನೆಗಳಿಂದ ಬಸ್ಸಲ್ಲಿ ಬರುವ ಮಕ್ಕಳು ಓದುವುದೇ ಇಲ್ಲ. ಈ ಮಾತುಗಳು ಮೊದಲು ವಿಭಾಗದ ವರದಿಗೆ ಹೋಗುತ್ತವೆ. ಆಮೇಲೆ ನ್ಯಾಕ್ (ಕಾಲೇಜುಗಳಿಗೆ ದರ್ಜೆ ಕೊಡುವ ಸಂಸ್ಥೆ) ಕಡತಕ್ಕೆ ಹೋಗುತ್ತವೆ. ಕೊನೆಗೆ ಆ ಮಕ್ಕಳ ಬಗ್ಗೆ ಗಟ್ಟಿ ಅಭಿಪ್ರಾಯವಾಗಿ ಉಳಿದುಬಿಡುತ್ತವೆ.

ಇವುಗಳಲ್ಲಿ ಕೆಲವು ನಿಜ ಇರಬಹುದು. ಕೆಲವು ಪೂರ್ತಿ ಸುಳ್ಳಿರಬಹುದು. ಲೆಕ್ಕ ಹಾಕದೆ ಯಾವುದು ಯಾವುದು ಎಂದು ಗೊತ್ತಾಗುವುದಿಲ್ಲ. ಅರ್ಧಂಬರ್ಧ ಲೆಕ್ಕ ಹಾಕಿದರೆ ಇನ್ನೂ ಅಪಾಯ, ಯಾಕೆಂದರೆ ಸುಳ್ಳು ಮಾತಿಗೂ ಅಂಕಿಅಂಶದ ಮುದ್ರೆ ಬೀಳುತ್ತದೆ. ಹಾಗಾಗಿ ಈ ಮಾರ್ಗದರ್ಶಿ. ಫಲಿತಾಂಶ ವಿಶ್ಲೇಷಣೆಯ ಹೊಣೆ ಹೊತ್ತ ಅಧ್ಯಾಪಕರಿಗೆ, ಎಂಕಾಂ, ಎಂಎಸ್‌ಡಬ್ಲ್ಯು, ಬಿಎಡ್ ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳಿಗೆ ಇದು ಉಪಯೋಗಕ್ಕೆ ಬರುತ್ತದೆ. ಸರಾಸರಿ, ಮಾನಕ ವಿಚಲನೆ ಎಂದರೆ ಏನು ಎಂದು ಗೊತ್ತಿದ್ದರೆ ಸಾಕು. ಉಳಿದದ್ದು ಇಲ್ಲೇ ಬರುತ್ತದೆ.

ಹೆಜ್ಜೆ 1: ಅಂಕಪಟ್ಟಿ ತೆರೆಯುವ ಮೊದಲು ಪ್ರಶ್ನೆ ಬರೆದಿಡಿ

ಒಂದು ಹಾಳೆಯಲ್ಲಿ ಮೂರು ವಿಷಯ ಬರೆಯಿರಿ. ಯಾವ ಗುಂಪುಗಳನ್ನು ಹೋಲಿಸುತ್ತೀರಿ? ಯಾವ ಪತ್ರಿಕೆಯ ಅಂಕ ನೋಡುತ್ತೀರಿ? ಎಷ್ಟು ಅಂಕದ ಅಂತರ ಇದ್ದರೆ ಅದು ನಿಮ್ಮ ಕಾಲೇಜಿಗೆ ಮುಖ್ಯ? ದಿನಾಂಕ ಹಾಕಿ ಇಟ್ಟುಕೊಳ್ಳಿ.

ಇದು ಸುಮ್ನೆ ಶಾಸ್ತ್ರಕ್ಕಲ್ಲ. ಅಂಕ ನೋಡಿದ ಮೇಲೆ ಗುಂಪು ಮಾಡಲು ಕೂತರೆ ಯಾವುದೋ ಒಂದು ರೀತಿಯಲ್ಲಿ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಲಿಂಗ, ತಾಲ್ಲೂಕು, ಮಾಧ್ಯಮ, ಮನೆಮಾತು, ಹಾಸ್ಟೆಲ್, ವಿದ್ಯಾರ್ಥಿವೇತನ ಎಂದು ಇಪ್ಪತ್ತು ಬಗೆಯಲ್ಲಿ ಒಡೆದು ನೋಡಿದರೆ, ನಿಜವಾದ ವ್ಯತ್ಯಾಸ ಒಂದೂ ಇಲ್ಲದಿದ್ದರೂ, ಸರಾಸರಿ ಒಂದಾದರೂ 5% ಮಟ್ಟದಲ್ಲಿ ‘ಗಮನಾರ್ಹ’ (ಬರೀ ಆಕಸ್ಮಿಕವಾಗಿ ಇಷ್ಟು ಅಂತರ ಬರುವ ಸಾಧ್ಯತೆ 100ಕ್ಕೆ 5ಕ್ಕಿಂತ ಕಡಿಮೆ) ಎಂದು ಬರುತ್ತದೆ. ಕೊಡಗಿನಲ್ಲಿ ಈ ಆಸೆ ಜಾಸ್ತಿ, ಯಾಕೆಂದರೆ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಎರವ ಮಾತಾಡುವ ಮನೆಗಳ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಒಡೆಯಲು ದಾರಿಗಳು ಬೇಕಾದಷ್ಟಿವೆ. ಕಾರಣ ಇದ್ದಲ್ಲಿ ಮಾತ್ರ ಒಡೆಯಿರಿ.

ಬಸ್ಸಿನ ಪ್ರಶ್ನೆಗೆ ಒಳ್ಳೆಯ ಕಾರಣ ಇದೆ. ಬೆಟ್ಟದ ದಾರಿ, ಮಳೆಗಾಲದಲ್ಲಿ ಮರ ಬಿದ್ದು ನಿಲ್ಲುವ ರಸ್ತೆ, ದಿನಕ್ಕೆ ಎರಡೇ ಟ್ರಿಪ್ ಬರುವ ಬಸ್. ಮೊದಲ ಪೀರಿಯಡ್ ತಪ್ಪುವುದು ಇಲ್ಲಿ ಮಾಮೂಲು. ಹಾಗಾಗಿ ಈ ಲೇಖನದ ಉದಾಹರಣೆಗೂ ಅದನ್ನೇ ಇಟ್ಟುಕೊಳ್ಳೋಣ: ಕಾಲೇಜಿನ ಹತ್ತಿರ ವಾಸ ಮಾಡುವವರು ಒಂದು ಗುಂಪು, ದೂರದಿಂದ ಬಸ್ಸಲ್ಲಿ ಬರುವವರು ಇನ್ನೊಂದು. ‘ದೂರ’ ಎಂದರೆ ಎಷ್ಟು ಎನ್ನುವುದನ್ನೂ ಈಗಲೇ ಬರೆಯಿರಿ. ಕಿಲೋಮೀಟರಿಗಿಂತ ಪ್ರಯಾಣದ ನಿಮಿಷ ಒಳ್ಳೆಯ ಅಳತೆ. ತಲಕಾವೇರಿ ಕಡೆಯ 20 ಕಿಲೋಮೀಟರಿಗೂ ಕುಶಾಲನಗರ ಕಡೆಯ 20 ಕಿಲೋಮೀಟರಿಗೂ ಎಷ್ಟು ವ್ಯತ್ಯಾಸ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಹೆಜ್ಜೆ 2: ಹಾಳೆ ಸರಿ ಮಾಡಿ

ಎಕ್ಸೆಲ್ ಆಗಲಿ, ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಆಗಲಿ, ನಿಯಮ ಒಂದೇ. ಒಂದು ಸಾಲಿಗೆ ಒಬ್ಬ ವಿದ್ಯಾರ್ಥಿ. ಒಂದು ಕಾಲಂಗೆ ಒಂದು ವಿಷಯ. ಹೆಸರು ಮತ್ತು ನೋಂದಣಿ ಸಂಖ್ಯೆ ತೆಗೆದು ಒಂದು ಸಂಕೇತ ಸಂಖ್ಯೆ ಕೊಡಿ. ಸಂಕೇತ ಯಾರದ್ದು ಎನ್ನುವ ಪಟ್ಟಿ ಬೇರೆ ಫೈಲಿನಲ್ಲಿ, ಪ್ರಾಂಶುಪಾಲರ ಒಪ್ಪಿಗೆಯೊಂದಿಗೆ ಇರಲಿ.

ಕಾಲಂಗಳು: ಸಂಕೇತ, ಕೋರ್ಸ್, ಸೆಕ್ಷನ್, ಗುಂಪು, ಪ್ರಯಾಣದ ನಿಮಿಷ, ಪಿಯುಸಿ ಶೇಕಡಾ, ಹಾಜರಿ, ಸೆಮಿಸ್ಟರ್ ಅಂಕ. ಪಿಯುಸಿ ಅಂಕ ಯಾಕೆ ಎಂದು ಎಂಟನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ. ಈಗಲೇ ಸೇರಿಸಿ, ಆಮೇಲೆ ಹುಡುಕುವುದು ಕಷ್ಟ.

ಗೈರುಹಾಜರಿ ಬಗ್ಗೆ ತುಂಬ ಎಚ್ಚರ ಬೇಕು. ಪರೀಕ್ಷೆಗೆ ಬಾರದವರಿಗೆ ಸೊನ್ನೆ ಹಾಕಿದರೆ ಗುಂಪಿನ ಸರಾಸರಿ ಧಡಕ್ಕನೆ ಕೆಳಗೆ ಬೀಳುತ್ತದೆ. ಜಾಗ ಖಾಲಿ ಬಿಟ್ಟರೆ ಅವರು ಲೆಕ್ಕದಿಂದಲೇ ಮಾಯವಾಗುತ್ತಾರೆ. ಎರಡೂ ತಪ್ಪು ದಾರಿಗೆ ಎಳೆಯಬಹುದು. ಕಾಫಿ ಕೊಯ್ಲು ನವೆಂಬರ್ ಸುಮಾರಿಗೆ ಅರೇಬಿಕಾದಿಂದ ಶುರುವಾಗಿ, ರೋಬಸ್ಟಾ ಮುಗಿಯುವ ಹೊತ್ತಿಗೆ ಫೆಬ್ರವರಿ, ಮಾರ್ಚ್ ಆಗುತ್ತದೆ. ಪರೀಕ್ಷೆ ಆ ದಿನಗಳಲ್ಲಿ ಬಿದ್ದರೆ ಯಾರು ಗೈರಾಗುತ್ತಾರೆ? ಕೂಲಿಗೆ ಹೋಗಲೇಬೇಕಾದ ಮನೆಯ ಮಕ್ಕಳು. ಆ ಗುಂಪಿನಲ್ಲಿ ಪರೀಕ್ಷೆ ಬರೆದವರ ಸರಾಸರಿ ಚೆನ್ನಾಗಿ ಕಾಣಬಹುದು, ಆದರೆ ಬರೆಯದವರ ಕಥೆ ಅದರಲ್ಲಿ ಇಲ್ಲ. ಹಾಗಾಗಿ ಅಂಕದ ಜಾಗ ಖಾಲಿ ಬಿಡಿ, ಪಕ್ಕದಲ್ಲಿ ‘ಗೈರು’ ಎಂಬ ಬೇರೆ ಕಾಲಂ ಮಾಡಿ, ಪ್ರತಿ ಗುಂಪಿನ ಗೈರಿನ ಶೇಕಡಾವಾರನ್ನು ವರದಿಯ ಮೊದಲ ಪುಟದಲ್ಲೇ ಕೊಡಿ.

ಇನ್ನೊಂದು ಸಣ್ಣ ವಿಷಯ. ಗುಂಪಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡುವಾಗ ಒಂದು ಕಡೆ ‘ಹಾಸ್ಟೆಲ್’, ಇನ್ನೊಂದು ಕಡೆ ‘ಹಾಸ್ಟೇಲ್’ ಎಂದಾದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಗುಂಪು. ಫಿಲ್ಟರ್ ಹಾಕಿ ಎಷ್ಟು ಬಗೆಯ ಹೆಸರುಗಳಿವೆ ಎಂದು ಒಮ್ಮೆ ನೋಡಿ.

ಹೆಜ್ಜೆ 3: ಮೊದಲು ಚಿತ್ರ, ಆಮೇಲೆ ಪರೀಕ್ಷೆ

ಪ್ರತಿ ಗುಂಪಿಗೂ ಒಂದು ಹಿಸ್ಟೋಗ್ರಾಂ (ಯಾವ ಅಂಕದ ಹತ್ತಿರ ಎಷ್ಟು ಮಂದಿ ಎಂದು ತೋರಿಸುವ ಕಂಬಗಳು), ಒಂದು ಬಾಕ್ಸ್ ಪ್ಲಾಟ್ (ಅಂಕಗಳ ಹರಡುವಿಕೆ ತೋರಿಸುವ ಪೆಟ್ಟಿಗೆ ಚಿತ್ರ) ಹಾಕಿ. ಸರಾಸರಿಯ ಪಕ್ಕದಲ್ಲಿ ಮಧ್ಯಾಂಕ (ಅಂಕಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕ) ಬರೆಯಿರಿ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಅಂಕಗಳು ಒಂದು ಕಡೆಗೆ ವಾಲಿವೆ ಎಂದರ್ಥ.

ಪರೀಕ್ಷೆಯ ಅಂಕಗಳಿಗೆ ತಮ್ಮದೇ ಗುಣಗಳಿವೆ. ಪಾಸ್ ಅಂಕದ ಜಾಗದಲ್ಲಿ ಒಂದು ದಿಬ್ಬ ಕಾಣುತ್ತದೆ, ಅದರ ಸ್ವಲ್ಪ ಕೆಳಗೆ ಹಳ್ಳ. ಗ್ರೇಸ್ ಅಂಕ, ಮೌಲ್ಯಮಾಪಕರ ಕರುಣೆ ಎರಡೂ ಅಲ್ಲಿ ಕೆಲಸ ಮಾಡಿರುತ್ತವೆ. ಆಂತರಿಕ ಅಂಕಗಳಲ್ಲಿ ಬಹುತೇಕ ಎಲ್ಲರಿಗೂ ಗರಿಷ್ಠದ ಹತ್ತಿರ ಸಿಕ್ಕಿರುತ್ತದೆ. ಎಲ್ಲರಿಗೂ 18, 19, 20 ಇದ್ದರೆ ಅದರಲ್ಲಿ ಗುಂಪು ವ್ಯತ್ಯಾಸ ಹುಡುಕಿ ಪ್ರಯೋಜನ ಇಲ್ಲ. ಹಾಗಾಗಿ ಆಂತರಿಕ ಅಂಕವನ್ನು ಸೆಮಿಸ್ಟರ್ ಅಂಕಕ್ಕೆ ಕೂಡಿಸಬೇಡಿ, ಬೇರೆಯೇ ಇಡಿ.

ಇಲ್ಲಿ ನಿಮ್ಮ ಕಣ್ಣಿಗೆ ಒಬ್ಬರದ್ದೇ ವಿಚಿತ್ರ ಅಂಕ ಬಿದ್ದರೆ ಮೊದಲು ಮೂಲ ಅಂಕಪಟ್ಟಿ ನೋಡಿ. ಟೈಪಿಂಗ್ ತಪ್ಪಾದರೆ ತಿದ್ದಿ. ನಿಜವಾದ ಅಂಕವಾದರೆ ಅದು ಇರಲಿ. ನಮಗೆ ಬೇಕಾದ ಉತ್ತರಕ್ಕೆ ಅಡ್ಡ ಬರುತ್ತದೆ ಎಂದು ವಿದ್ಯಾರ್ಥಿಯನ್ನು ಲೆಕ್ಕದಿಂದ ತೆಗೆಯುವಂತಿಲ್ಲ.

ಹೆಜ್ಜೆ 4: ಎರಡು ಗುಂಪು ಇದ್ದರೆ

ಕೈಯಲ್ಲೇ ಮಾಡಿ ನೋಡಲು ಸುಲಭವಾಗಲಿ ಎಂದು ಅಭ್ಯಾಸಕ್ಕಾಗಿ ಕಟ್ಟಿದ ಅಂಕಗಳಿವು. ಯಾವ ಕಾಲೇಜಿನದ್ದೂ ಅಲ್ಲ. 80 ಅಂಕದ ಪತ್ರಿಕೆ.

ಹತ್ತಿರ ವಾಸಿಸುವ 8 ಮಂದಿ: 52, 61, 47, 58, 66, 55, 49, 60.
ಬಸ್ಸಲ್ಲಿ ಬರುವ 8 ಮಂದಿ: 45, 57, 38, 62, 50, 41, 59, 48.

ಮೊದಲ ಗುಂಪಿನ ಸರಾಸರಿ 56, ಎರಡನೆಯದ್ದು 50. ಅಂತರ 6 ಅಂಕ. ಸ್ಟಾಫ್ ರೂಮಿನ ಮಾತು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನಾವು ಮುಂದೆ ಹೋಗೋಣ.

ಒಂದೇ ತೋಟದ, ಒಂದೇ ವಯಸ್ಸಿನ ಎರಡು ಕಾಫಿ ಗಿಡಗಳಲ್ಲೂ ಹಣ್ಣಿನ ತೂಕ ಒಂದೇ ಬರುವುದಿಲ್ಲ. ಹಾಗೆಯೇ ಒಂದೇ ಗುಂಪಿನ ಒಳಗೂ ಮಕ್ಕಳ ಅಂಕ ಹರಡಿಕೊಂಡಿರುತ್ತದೆ. ಆ ಹರಡುವಿಕೆ ಎಷ್ಟು ಎಂದು ಗೊತ್ತಾದರೆ ಮಾತ್ರ 6 ಅಂಕ ದೊಡ್ಡದೋ ಸಣ್ಣದೋ ಎಂದು ಹೇಳಬಹುದು. ಮೊದಲ ಗುಂಪಿನ ಮಾನಕ ವಿಚಲನೆ 6.46, ಎರಡನೆಯದ್ದು 8.68 (ಮಾದರಿಯ ಲೆಕ್ಕವಾದ್ದರಿಂದ 8ರ ಬದಲು 7ರಿಂದ ಭಾಗಿಸಿದ್ದು).

ಈಗ ಪ್ರತಿ ಮಾನಕ ವಿಚಲನೆಯ ವರ್ಗವನ್ನು ಆ ಗುಂಪಿನ ಸಂಖ್ಯೆಯಿಂದ ಭಾಗಿಸಿ. ಮೊದಲನೆಯದ್ದು 41.71 ಭಾಗಿಸು 8, ಅಂದರೆ 5.21. ಎರಡನೆಯದ್ದು 75.43 ಭಾಗಿಸು 8, ಅಂದರೆ 9.43. ಎರಡನ್ನೂ ಕೂಡಿಸಿದರೆ 14.64. ಅದರ ವರ್ಗಮೂಲ 3.83. ಇದು ಅಂತರದ ಮಾನಕ ದೋಷ. ಅಂತರವನ್ನು ಇದರಿಂದ ಭಾಗಿಸಿ: 6 ಭಾಗಿಸು 3.83, ಅಂದರೆ 1.57. ಇದೇ ಟಿ ಮೌಲ್ಯ.

ಇದು ವೆಲ್ಚ್ ವಿಧಾನ. ಪಠ್ಯಪುಸ್ತಕಗಳಲ್ಲಿ ಮೊದಲು ಬರುವ ಸ್ಟೂಡೆಂಟ್ ಟಿ ಪರೀಕ್ಷೆ ಎರಡೂ ಗುಂಪಿನ ಹರಡುವಿಕೆ ಒಂದೇ ಎಂದು ನಂಬುತ್ತದೆ. ಅದನ್ನು 1908ರಲ್ಲಿ ಪ್ರಕಟಿಸಿದ ವಿಲಿಯಂ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ‘ಸ್ಟೂಡೆಂಟ್’ ಅವರು ಇಟ್ಟುಕೊಂಡಿದ್ದ ಗುಪ್ತನಾಮ. ಕೆಲವೇ ಮಾದರಿಗಳಿಂದ ಹೇಗೆ ತೀರ್ಮಾನಕ್ಕೆ ಬರುವುದು ಎನ್ನುವುದೇ ಅವರ ಕಷ್ಟವಾಗಿತ್ತು. ನಮ್ಮ ಜಿಲ್ಲೆಯ ಸಣ್ಣ ಸಣ್ಣ ತರಗತಿಗಳ ಕಷ್ಟವೂ ಅದೇ. ವೆಲ್ಚ್ 1947ರಲ್ಲಿ ಹರಡುವಿಕೆ ಬೇರೆ ಬೇರೆ ಇದ್ದರೂ ನಡೆಯುವ ರೂಪ ಕೊಟ್ಟರು. ನನ್ನ ಅಭಿಪ್ರಾಯದಲ್ಲಿ ಯಾವಾಗಲೂ ವೆಲ್ಚ್ ಅನ್ನೇ ಬಳಸಿ. ಹರಡುವಿಕೆ ಒಂದೇ ಇದ್ದರೂ ನಷ್ಟ ತೀರಾ ಕಡಿಮೆ, ಬೇರೆ ಇದ್ದರೆ ಲಾಭ ದೊಡ್ಡದು.

ಕಂಪ್ಯೂಟರಿನಲ್ಲಿ ಮಾಡುವುದಾದರೆ ಎಕ್ಸೆಲ್, ಲಿಬ್ರೆ ಆಫೀಸ್ ಎರಡರಲ್ಲೂ ಟಿ.ಟೆಸ್ಟ್ (T.TEST) ಎಂಬ ಫಂಕ್ಷನ್ ಇದೆ. ಅದಕ್ಕೆ ನಾಲ್ಕು ವಿಷಯ ಕೊಡಬೇಕು: ಮೊದಲ ಗುಂಪಿನ ಅಂಕ, ಎರಡನೇ ಗುಂಪಿನ ಅಂಕ, ಬಾಲಗಳ ಸಂಖ್ಯೆ 2, ಬಗೆ 3. ಆ 3 ಎಂಬುದೇ ವೆಲ್ಚ್. ಇದು ಪಿ ಮೌಲ್ಯ ಮಾತ್ರ ಕೊಡುತ್ತದೆ (ಅದರ ಅರ್ಥ ಮುಂದಿನ ಹೆಜ್ಜೆಯಲ್ಲಿ). ಟಿ, ವಿಶ್ವಾಸಾಂತರ, ಪರಿಣಾಮದ ಗಾತ್ರ ಎಲ್ಲ ಒಟ್ಟಿಗೆ ಬೇಕಾದರೆ ಜಾಸ್ಪ್ (JASP) ಅಥವಾ ಜಮೋವಿ (jamovi) ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಎರಡೂ ಉಚಿತ, ಎರಡರಲ್ಲೂ ಕೋಡ್ ಬರೆಯುವ ಅಗತ್ಯವಿಲ್ಲ. ಅಲ್ಲಿ ವೆಲ್ಚ್ ಪಕ್ಕದ ಚೌಕಕ್ಕೆ ಟಿಕ್ ಹಾಕಲು ಮರೆಯಬೇಡಿ. ಆರ್ (R) ಎಂಬ ಕಂಪ್ಯೂಟರ್ ಭಾಷೆ ಬಲ್ಲವರಿಗೆ ಅಲ್ಲಿ ವೆಲ್ಚ್ ತಾನಾಗಿಯೇ ಬರುತ್ತದೆ.

ಬಾಲ ಎಂದರೆ ಅಂತರ ಯಾವ ದಿಕ್ಕಿಗೆ ಇರಬಹುದು ಎಂಬುದು. ಅದು ಯಾಕೆ ಎರಡು? ಬಸ್ಸಿನ ಮಕ್ಕಳೇ ಮುಂದೆ ಇರುವ ಸಾಧ್ಯತೆಯನ್ನೂ ತೆರೆದಿಡಬೇಕು, ಅಲ್ವಾ. ಅಂಕ ನೋಡಿದ ಮೇಲೆ ಒಂದು ಬಾಲಕ್ಕೆ ಬದಲಾಯಿಸಿ ಪಿ ಮೌಲ್ಯವನ್ನು ಅರ್ಧ ಮಾಡುವುದು ಮೋಸ.

ಒಂದೇ ವಿದ್ಯಾರ್ಥಿಗಳ ಎರಡು ಪರೀಕ್ಷೆ ಹೋಲಿಸುತ್ತಿದ್ದರೆ (ಮೊದಲ ಸೆಮಿಸ್ಟರ್, ಎರಡನೇ ಸೆಮಿಸ್ಟರ್) ಇದು ಸಲ್ಲದು. ಆಗ ಜೋಡಿ ಟಿ ಪರೀಕ್ಷೆ ಬೇಕು, ಬಗೆ 1. ಅಂಕಗಳು ತೀರಾ ವಾಲಿದ್ದು ಗುಂಪೂ ಸಣ್ಣದಿದ್ದರೆ ಮ್ಯಾನ್–ವಿಟ್ನಿ ಪರೀಕ್ಷೆ ಮಾಡಬಹುದು. ಆದರೆ ಅದು ಹೋಲಿಸುವುದು ಅಂಕಗಳ ಸ್ಥಾನವನ್ನು. ಅದರ ಫಲಿತಾಂಶ ಹಿಡಿದು ‘ಸರಾಸರಿ ಬೇರೆ’ ಎಂದು ಬರೆಯಬೇಡಿ.

ಹೆಜ್ಜೆ 5: ಉತ್ತರ ಓದುವುದು

ಬಹಳ ವರದಿಗಳು ಹಳಿ ತಪ್ಪುವುದು ಇಲ್ಲೇ. ನಿಧಾನವಾಗಿ ನೋಡೋಣ.

ನಮ್ಮ ಉದಾಹರಣೆಯಲ್ಲಿ ಟಿ 1.57, ಸ್ವಾತಂತ್ರ್ಯ ಅಂಶ (ಟಿಯಿಂದ ಪಿ ತೆಗೆಯಲು ಬೇಕಾದ ಸಂಖ್ಯೆ, ಸಾಫ್ಟ್‌ವೇರೇ ಕೊಡುತ್ತದೆ) 12.9, ಪಿ ಮೌಲ್ಯ ಸುಮಾರು 0.14. ಅಂದರೆ: ಎರಡು ಗುಂಪಿನ ನಡುವೆ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲ ಎಂದುಕೊಂಡರೆ, ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವ ಸಾಧ್ಯತೆ 100ಕ್ಕೆ 14. ಅಷ್ಟೇ. ‘ವ್ಯತ್ಯಾಸ ಇಲ್ಲದಿರುವ ಸಾಧ್ಯತೆ 14%’ ಎಂದಲ್ಲ. ‘ವ್ಯತ್ಯಾಸ ಇರುವ ಸಾಧ್ಯತೆ 86%’ ಎಂದೂ ಅಲ್ಲ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಪಿ ಮೌಲ್ಯದ ಬಗ್ಗೆ ಪ್ರತ್ಯೇಕ ಹೇಳಿಕೆಯನ್ನೇ ಹೊರಡಿಸಿ ಇಂಥ ತಪ್ಪು ಓದುಗಳ ಬಗ್ಗೆ ಎಚ್ಚರಿಸಿತು.

0.14 ಎಂಬುದು 0.05ಕ್ಕಿಂತ ಜಾಸ್ತಿ. ಹಾಗಾಗಿ ‘ಗುಂಪುಗಳ ನಡುವೆ ವ್ಯತ್ಯಾಸವಿಲ್ಲ’ ಎಂದು ಬರೆದು ಮುಗಿಸುತ್ತಾರೆ. ಅದು ತಪ್ಪು. ವಿಶ್ವಾಸಾಂತರ, ಅಂದರೆ ನಿಜವಾದ ಅಂತರ ಇರಬಹುದಾದ ವ್ಯಾಪ್ತಿ, ನೋಡಿ. 95% ಮಟ್ಟದಲ್ಲಿ ಅದು ಮೈನಸ್ 2.3ರಿಂದ ಪ್ಲಸ್ 14.3ರವರೆಗೆ ಇದೆ. ಬಸ್ಸಿನ ಮಕ್ಕಳು ಎರಡು ಅಂಕ ಮುಂದೆ ಇರಬಹುದು, 14 ಅಂಕ ಹಿಂದೆಯೂ ಇರಬಹುದು. ಎರಡೂ ಈ ಅಂಕಗಳಿಗೆ ಹೊಂದುತ್ತವೆ. 80ಕ್ಕೆ 14 ಅಂಕ ಎಂದರೆ ಒಬ್ಬ ವಿದ್ಯಾರ್ಥಿಯ ದರ್ಜೆಯೇ ಬದಲಾಗುತ್ತದೆ. ಇಂಥದ್ದನ್ನು ‘ಇಲ್ಲ’ ಎಂದು ತಳ್ಳಿಹಾಕುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ಈಗ ಪರಿಣಾಮದ ಗಾತ್ರ ನೋಡಿ. ಅಂತರವನ್ನು ಎರಡೂ ಗುಂಪಿನ ಒಟ್ಟಾರೆ ಮಾನಕ ವಿಚಲನೆಯಿಂದ (41.71 ಮತ್ತು 75.43ರ ಸರಾಸರಿಯ ವರ್ಗಮೂಲ) ಭಾಗಿಸಬೇಕು: 6 ಭಾಗಿಸು 7.65, ಅಂದರೆ 0.78. ಇದಕ್ಕೆ ಕೋಹೆನ್ ಡಿ ಎನ್ನುತ್ತಾರೆ. ಜೇಕಬ್ ಕೋಹೆನ್ ಕೊಟ್ಟ ಒರಟು ಅಳತೆಯಲ್ಲಿ 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು. ಅಂದರೆ ನಮ್ಮ ಮಾದರಿಯಲ್ಲಿ ಅಂತರ ದೊಡ್ಡದೇ ಇದೆ. ಖಚಿತವಾಗಿ ಹೇಳಲು ಮಕ್ಕಳ ಸಂಖ್ಯೆ ಸಾಲದು.

ಇದೇ ಸರಾಸರಿ, ಇದೇ ಮಾನಕ ವಿಚಲನೆ ಇದ್ದು, ಪ್ರತಿ ಗುಂಪಿನಲ್ಲಿ 8ರ ಬದಲು 32 ಮಂದಿ ಇದ್ದಿದ್ದರೆ? ಮಾನಕ ದೋಷ ಅರ್ಧವಾಗುತ್ತದೆ, ಟಿ 3.14 ಆಗುತ್ತದೆ, ಪಿ ಮೌಲ್ಯ 0.003ರ ಆಸುಪಾಸಿಗೆ ಇಳಿಯುತ್ತದೆ. ಅಂತರ ಅದೇ 6 ಅಂಕ. ಮಕ್ಕಳ ಸಂಖ್ಯೆ ಮಾತ್ರ ಬದಲಾಗಿದೆ. ಪಿ ಮೌಲ್ಯ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು ಎಂದು ಹೇಳುವುದು ಇದಕ್ಕೇ.

ಎಷ್ಟು ಮಂದಿ ಬೇಕು ಎಂದು ಮೊದಲೇ ಲೆಕ್ಕ ಹಾಕಬಹುದು. 5% ಮಟ್ಟದಲ್ಲಿ, ವ್ಯತ್ಯಾಸ ಇದ್ದಾಗ 80% ಸಲವಾದರೂ ಅದು ಕೈಗೆ ಸಿಗಬೇಕು ಎಂದಾದರೆ, ದೊಡ್ಡ ಪರಿಣಾಮಕ್ಕೆ (0.8) ಪ್ರತಿ ಗುಂಪಿಗೆ 26, ಮಧ್ಯಮಕ್ಕೆ (0.5) 64, ಸಣ್ಣದಕ್ಕೆ (0.2) 394 ವಿದ್ಯಾರ್ಥಿಗಳು ಬೇಕು. ಒಂದು ಸೆಕ್ಷನ್ನಿನ 40 ಮಕ್ಕಳನ್ನು ಎರಡಾಗಿ ಒಡೆದು ಸಣ್ಣ ವ್ಯತ್ಯಾಸ ಹುಡುಕಲು ಹೊರಟವರು ಈ ಸಂಖ್ಯೆಗಳನ್ನು ಒಮ್ಮೆ ನೋಡಬೇಕು.

‘ನಮ್ಮ ಕಾಲೇಜಿನ ಎಲ್ಲ ಮಕ್ಕಳ ಅಂಕವೂ ನನ್ನ ಹತ್ತಿರ ಇದೆ, ಮಾದರಿ ತೆಗೆದಿಲ್ಲ. ಆದರೂ ಪರೀಕ್ಷೆ ಬೇಕಾ?’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಈ ವರ್ಷದ ಅಂತರ ಎಷ್ಟು ಎಂದಷ್ಟೇ ಬೇಕಾದರೆ ಸರಾಸರಿಗಳೇ ಸಾಕು. ಮುಂದಿನ ವರ್ಷದ ಮಕ್ಕಳಿಗೂ ಇದು ಅನ್ವಯಿಸುತ್ತದಾ, ಇದರ ಮೇಲೆ ಏನಾದರೂ ವ್ಯವಸ್ಥೆ ಬದಲಾಯಿಸಬೇಕಾ ಎಂದು ಕೇಳುವಾಗ ಅನಿಶ್ಚಿತತೆಯ ಲೆಕ್ಕ ಬೇಕೇ ಬೇಕು.

ಹೆಜ್ಜೆ 6: ಎರಡಕ್ಕಿಂತ ಜಾಸ್ತಿ ಗುಂಪು ಇದ್ದರೆ

ಕೊಡಗಿನಲ್ಲಿ ಈಗ ಐದು ತಾಲ್ಲೂಕು: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ. ತಾಲ್ಲೂಕುವಾರು ಅಂಕ ಹೋಲಿಸಬೇಕು ಎಂದರೆ ಹತ್ತು ಜೋಡಿಗಳಾಗುತ್ತವೆ. ಹತ್ತು ಟಿ ಪರೀಕ್ಷೆ ಮಾಡಿದರೆ ಏನಾಗುತ್ತದೆ? ಅವು ಹತ್ತೂ ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ, ನಿಜವಾದ ವ್ಯತ್ಯಾಸ ಎಲ್ಲೂ ಇಲ್ಲದಿದ್ದರೂ ಒಂದಾದರೂ ಸುಳ್ಳು ‘ಗಮನಾರ್ಹ’ ಬರುವ ಸಾಧ್ಯತೆ ಸುಮಾರು 40%. ತಾಲ್ಲೂಕು ಜೋಡಿಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅಸಲು ಅಂಕಿ ಇದಕ್ಕಿಂತ ಕಡಿಮೆ. ಆದರೂ 5%ಗಿಂತ ಎಷ್ಟೋ ಜಾಸ್ತಿ.

ಅದಕ್ಕೇ ಮೊದಲು ಎನೋವಾ (ANOVA) ಮಾಡಿ. ರೊನಾಲ್ಡ್ ಫಿಶರ್ ಕಟ್ಟಿದ ಈ ವಿಧಾನ ಗುಂಪುಗಳ ನಡುವಿನ ಹರಡುವಿಕೆಯನ್ನು ಗುಂಪುಗಳ ಒಳಗಿನ ಹರಡುವಿಕೆಯೊಂದಿಗೆ ಹೋಲಿಸುತ್ತದೆ. ಎಫ್ ಮೌಲ್ಯ ಎಂದರೆ ಆ ಅನುಪಾತ. ಎಲ್ಲೋ ಒಂದು ಕಡೆ ವ್ಯತ್ಯಾಸ ಇದೆ ಎಂದು ಮಾತ್ರ ಅದು ಹೇಳುತ್ತದೆ. ಎಲ್ಲಿ ಎಂದು ತಿಳಿಯಲು ಆಮೇಲೆ ಟ್ಯೂಕಿ ಪರೀಕ್ಷೆ ಮಾಡಬೇಕು. ಹರಡುವಿಕೆ ಬೇರೆ ಬೇರೆ ಇದ್ದರೆ ವೆಲ್ಚ್ ಎನೋವಾ, ಅದರ ನಂತರ ಗೇಮ್ಸ್–ಹೋವೆಲ್. ಜಾಸ್ಪ್, ಜಮೋವಿಗಳಲ್ಲಿ ಎಲ್ಲವೂ ಒಂದೇ ಪರದೆಯಲ್ಲಿ ಸಿಗುತ್ತವೆ.

ಒಂದು ಪತ್ರಿಕೆಯ ಬದಲು ಐದಾರು ಪತ್ರಿಕೆಗಳ ಅಂಕವನ್ನು ಒಟ್ಟಿಗೆ ಹೋಲಿಸುವ ಮನೋವಾ ಎಂಬ ವಿಧಾನವೂ ಇದೆ. ಅದರಲ್ಲಿ ವಿಲ್ಕ್ಸ್ ಲ್ಯಾಂಬ್ಡಾ ಎಂಬ ಸಾಲು ಬರುತ್ತದೆ, ಪಕ್ಕದಲ್ಲಿ ಒಂದು ಎಫ್ ಮೌಲ್ಯ. ಆ ಎಫ್ ಅಂದಾಜು ಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಸಾಫ್ಟ್‌ವೇರಿನ ಆ ಸಾಲು ನೋಡುವಾಗ ನನಗೆ ಪ್ರತಿ ಸಲ ಹೆಮ್ಮೆ ಆಗುತ್ತದೆ, ತರಗತಿಯಲ್ಲಿ ಹೇಳಿಯೂ ಹೇಳುತ್ತೇನೆ.

ಹೆಜ್ಜೆ 7: ಪಾಸ್, ಫೇಲ್ ಹೋಲಿಕೆ

ಅಂಕದ ಬದಲು ಪಾಸಾದವರ ಶೇಕಡಾ ಹೋಲಿಸುವುದಾದರೆ ಕೈ ವರ್ಗ (chi-square) ಪರೀಕ್ಷೆ. ಗುಂಪು, ಪಾಸ್–ಫೇಲ್ ಪಟ್ಟಿಯ ಯಾವುದಾದರೂ ಮನೆಯಲ್ಲಿ ನಿರೀಕ್ಷಿತ ಸಂಖ್ಯೆ (ವ್ಯತ್ಯಾಸವೇ ಇಲ್ಲದಿದ್ದರೆ ಬರಬೇಕಾದದ್ದು) 5ಕ್ಕಿಂತ ಕಡಿಮೆ ಬಂದರೆ ಫಿಶರ್ ನಿಖರ ಪರೀಕ್ಷೆಗೆ ಹೋಗಿ. ಅಂಕ ಕೈಯಲ್ಲಿರುವಾಗ ಪಾಸ್–ಫೇಲ್ ಮಾತ್ರ ನೋಡುವುದು ನಷ್ಟ. ಪಾಸ್ ಅಂಕವನ್ನಷ್ಟೇ ತೆಗೆದವರೂ 75 ತೆಗೆದವರೂ ಒಂದೇ ಗುಂಪಿಗೆ ಬಿದ್ದುಬಿಡುತ್ತಾರೆ.

ಹೆಜ್ಜೆ 8: ಇದು ಗುಂಪಿನ ಗುಣವಾ, ಬೇರೆ ಏನೋ ಕಾರಣವಾ?

ಇಷ್ಟು ಹೊತ್ತು ಮಾಡಿದ್ದು ವ್ಯತ್ಯಾಸ ಇದೆಯಾ, ಎಷ್ಟಿದೆ ಎಂಬ ಲೆಕ್ಕ. ಯಾಕೆ ಎಂಬುದು ಬೇರೆಯೇ ಪ್ರಶ್ನೆ. ಟಿ ಪರೀಕ್ಷೆ ಅದಕ್ಕೆ ಉತ್ತರ ಕೊಡುವುದಿಲ್ಲ. ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಈ ಹೆಜ್ಜೆಯೇ.

ಮತ್ತೆ ಅಭ್ಯಾಸದ ಅಂಕಿಗಳು. ಎರಡು ಕೋರ್ಸ್ ಇವೆ ಎಂದುಕೊಳ್ಳಿ. ಬಿಕಾಂ ಪತ್ರಿಕೆ ಕಷ್ಟ, ಎಲ್ಲರ ಸರಾಸರಿಯೂ 48. ಬಿಎ ಪತ್ರಿಕೆ ಸುಲಭ, ಎಲ್ಲರ ಸರಾಸರಿಯೂ 60. ಬಸ್ಸಲ್ಲಿ ಬರುವವರಿಗೂ ಹತ್ತಿರದವರಿಗೂ ಯಾವ ಕೋರ್ಸಿನಲ್ಲೂ ಒಂದು ಅಂಕದ ವ್ಯತ್ಯಾಸವೂ ಇಲ್ಲ. ಆದರೆ ಬಸ್ಸಿನ 30 ಮಂದಿಯಲ್ಲಿ 20 ಮಂದಿ ಬಿಕಾಂ, 10 ಮಂದಿ ಬಿಎ. ಹತ್ತಿರದ 30 ಮಂದಿಯಲ್ಲಿ 10 ಬಿಕಾಂ, 20 ಬಿಎ. ಒಟ್ಟು ಸರಾಸರಿ ತೆಗೆಯಿರಿ: ಬಸ್ಸಿನವರದ್ದು 52, ಹತ್ತಿರದವರದ್ದು 56. ನಾಲ್ಕು ಅಂಕದ ಅಂತರ ಎಲ್ಲಿಂದಲೋ ಹುಟ್ಟಿಕೊಂಡಿತು. ಅದು ಮಕ್ಕಳದ್ದಲ್ಲ, ಕೋರ್ಸಿನದ್ದು.

ಇದು ಕಾಗದದ ಮೇಲಿನ ಆಟವಲ್ಲ. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶದಲ್ಲಿ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು 44% ಮಂದಿಗೆ, ಹೆಂಗಸರಲ್ಲಿ ಸುಮಾರು 35% ಮಂದಿಗೆ ಸೀಟು ಸಿಕ್ಕಿತ್ತು. ವಿಭಾಗವಾರು ಒಡೆದು ನೋಡಿದಾಗ ಹೆಂಗಸರ ವಿರುದ್ಧದ ಆ ದೊಡ್ಡ ಅಂತರ ಕಾಣಲಿಲ್ಲ. ಕಡಿಮೆ ಮಂದಿಗೆ ಸೀಟು ಸಿಗುವ ವಿಭಾಗಗಳಿಗೇ ಹೆಂಗಸರು ಜಾಸ್ತಿ ಅರ್ಜಿ ಹಾಕಿದ್ದರು. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎಂದು ಹೆಸರು.

ಹಾಗಾಗಿ ಹೋಲಿಕೆಯನ್ನು ಕೋರ್ಸಿನ ಒಳಗೆ, ಪತ್ರಿಕೆಯ ಒಳಗೆ ಮಾಡಿ. ಆಮೇಲೆ ಹಿಂಜರಿತ ವಿಶ್ಲೇಷಣೆಯಲ್ಲಿ (regression, ಹಲವು ಕಾರಣಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ) ಗುಂಪಿನ ಜೊತೆಗೆ ಪಿಯುಸಿ ಅಂಕವನ್ನೂ ಹಾಕಿ. ಕಾಲೇಜಿಗೆ ಬರುವಾಗಲೇ ಒಂದು ಗುಂಪು 6 ಅಂಕ ಹಿಂದೆ ಇದ್ದರೆ, ಸೆಮಿಸ್ಟರಿನಲ್ಲೂ ಅಷ್ಟೇ ಹಿಂದೆ ಇದ್ದರೆ, ಅಂತರ ಕಾಲೇಜಿನಲ್ಲಿ ಹುಟ್ಟಿದ್ದಲ್ಲ. ಪಿಯುಸಿಯಲ್ಲಿ ಸಮ ಇದ್ದವರು ಇಲ್ಲಿ ಹಿಂದೆ ಬಿದ್ದಿದ್ದರೆ, ನಮ್ಮ ವೇಳಾಪಟ್ಟಿಯನ್ನೂ ನಮ್ಮ ಪಾಠವನ್ನೂ ನಾವೇ ನೋಡಿಕೊಳ್ಳಬೇಕು.

ಹಾಜರಿಯನ್ನು ಮಾತ್ರ ಯೋಚಿಸಿ ಸೇರಿಸಿ. ಬಸ್ ತಡವಾಗುವುದರಿಂದ ಹಾಜರಿ ಕಡಿಮೆ, ಹಾಜರಿ ಕಡಿಮೆಯಾದ್ದರಿಂದ ಅಂಕ ಕಡಿಮೆ ಎಂಬುದು ನಿಮ್ಮ ಊಹೆಯಾದರೆ, ಹಾಜರಿ ಆ ದಾರಿಯ ಮಧ್ಯದ ಕೊಂಡಿ. ಅದನ್ನು ಲೆಕ್ಕಕ್ಕೆ ಸೇರಿಸಿದರೆ ಬಸ್ಸಿನ ಪರಿಣಾಮ ಮಾಯವಾಗುತ್ತದೆ. ಆಗ ‘ಬಸ್ಸಿಂದ ಏನೂ ತೊಂದರೆ ಇಲ್ಲ’ ಎಂದು ಬರೆದರೆ ಪೂರ್ತಿ ಉಲ್ಟಾ ಅರ್ಥ ಬರುತ್ತದೆ. ಹಾಜರಿ ಇಲ್ಲದೆ ಒಮ್ಮೆ, ಹಾಜರಿ ಸೇರಿಸಿ ಒಮ್ಮೆ ಲೆಕ್ಕ ಮಾಡಿ. ಎರಡೂ ಉತ್ತರ ಪಕ್ಕಪಕ್ಕ ಇಡಿ.

ಬಸ್ಸಿನ ಇನ್ನೊಂದು ತೊಡಕು ಇಲ್ಲಿದೆ. ಟಿ ಪರೀಕ್ಷೆ ಪ್ರತಿ ವಿದ್ಯಾರ್ಥಿಯೂ ಸ್ವತಂತ್ರ ಎಂದು ನಂಬುತ್ತದೆ. ಆದರೆ ಒಂದು ಬಸ್ ತಡವಾದರೆ ಅದರಲ್ಲಿದ್ದ ಎಲ್ಲ ಮಕ್ಕಳಿಗೂ ಒಟ್ಟಿಗೆ ಮೊದಲ ಪೀರಿಯಡ್ ತಪ್ಪುತ್ತದೆ. ಒಂದೇ ಸೆಕ್ಷನ್ನಿಗೆ ಒಬ್ಬರೇ ಮೇಷ್ಟ್ರು. ಲೆಕ್ಕದಲ್ಲಿ 32 ಮಂದಿ ಕಂಡರೂ ಮಾಹಿತಿಯ ದೃಷ್ಟಿಯಿಂದ ಅದು ಅಷ್ಟಿರುವುದಿಲ್ಲ. ಪಿ ಮೌಲ್ಯ ನಿಜಕ್ಕಿಂತ ಸಣ್ಣದಾಗಿ ಕಾಣುತ್ತದೆ. ಬಸ್ ಮಾರ್ಗ, ಸೆಕ್ಷನ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಶ್ರ ಮಾದರಿ ಗೊತ್ತಿದ್ದವರು ಅದನ್ನು ಬಳಸಿ. ಗೊತ್ತಿಲ್ಲದಿದ್ದರೆ ಮಾರ್ಗವಾರು ಸರಾಸರಿಗಳ ಒಂದು ಪಟ್ಟಿ ಕೊಡಿ. ಒಂದೇ ಮಾರ್ಗ ಇಡೀ ಗುಂಪನ್ನು ಕೆಳಗೆ ಎಳೆಯುತ್ತಿದೆಯಾ ಎಂದು ಅದರಲ್ಲೇ ಕಂಡುಬಿಡುತ್ತದೆ.

ವರ್ಷದಿಂದ ವರ್ಷಕ್ಕೆ ಹೋಲಿಸುವವರು ಇನ್ನೂ ಹುಷಾರಾಗಿರಬೇಕು. 2018ರ ಆಗಸ್ಟಿನ ಮಳೆ ಮತ್ತು ಭೂಕುಸಿತ ಇಲ್ಲಿಯ ಎಷ್ಟೋ ಮಕ್ಕಳ ಮನೆ, ಪುಸ್ತಕ, ದಾರಿ ಎಲ್ಲವನ್ನೂ ಕಿತ್ತುಕೊಂಡಿತು. 2020ರಲ್ಲಿ ಕೋವಿಡ್. 2021–22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ, 2024–25ರಿಂದ ಮತ್ತೆ ಮೂರು ವರ್ಷದ ಪದವಿ. ನಡುವೆ ಕೊಡಗಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದಿಂದ ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯದ ಕಡೆಗೆ ಬಂದವು. ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಬೇರೆಯಾದಾಗ ಎರಡು ವರ್ಷದ ಸರಾಸರಿಯನ್ನು ನೇರವಾಗಿ ಕಳೆಯುವುದರಲ್ಲಿ ಅರ್ಥವಿಲ್ಲ. ಒಂದೇ ವರ್ಷದ ಒಳಗಿನ ಗುಂಪು ಅಂತರ ತೆಗೆದು, ಆ ಅಂತರಗಳನ್ನು ವರ್ಷವಾರು ಜೋಡಿಸಿ.

ಹೆಜ್ಜೆ 9: ವರದಿ ಬರೆಯುವುದು

ನಮ್ಮ ಅಭ್ಯಾಸದ ಅಂಕಿಗಳಿಗೆ ವರದಿಯ ಸಾಲುಗಳು ಹೀಗಿರಬಹುದು:

‘ಹತ್ತಿರ ವಾಸಿಸುವ 8 ವಿದ್ಯಾರ್ಥಿಗಳ ಸರಾಸರಿ 56 (ಮಾನಕ ವಿಚಲನೆ 6.5), ಬಸ್ಸಲ್ಲಿ ಬರುವ 8 ವಿದ್ಯಾರ್ಥಿಗಳ ಸರಾಸರಿ 50 (ಮಾನಕ ವಿಚಲನೆ 8.7). ಅಂತರ 6 ಅಂಕ, 95% ವಿಶ್ವಾಸಾಂತರ −2.3ರಿಂದ 14.3. ವೆಲ್ಚ್ ಟಿ 1.57, ಸ್ವಾತಂತ್ರ್ಯ ಅಂಶ 12.9, ಪಿ 0.14, ಕೋಹೆನ್ ಡಿ 0.78. ಮಾದರಿ ಸಣ್ಣದಾದ್ದರಿಂದ ವ್ಯತ್ಯಾಸ ಇದೆ ಎಂದೂ ಇಲ್ಲ ಎಂದೂ ಹೇಳಲಾಗದು. ದೊಡ್ಡ ಅಂತರದ ಸಾಧ್ಯತೆ ಉಳಿದಿರುವುದರಿಂದ ಮುಂದಿನ ಸೆಮಿಸ್ಟರಿನಲ್ಲಿ ಎಲ್ಲ ಸೆಕ್ಷನ್‌ಗಳನ್ನು ಸೇರಿಸಿ ಮತ್ತೆ ನೋಡಬೇಕು.’

ಇದರಲ್ಲಿ ‘ಬಸ್ಸಿನ ಮಕ್ಕಳು ದಡ್ಡರು’ ಎಂದು ಓದಲು ಎಲ್ಲೂ ಜಾಗವಿಲ್ಲ. ಎರಡನೇ ಗುಂಪಿನ ಅಂಕಗಳನ್ನು ಮತ್ತೊಮ್ಮೆ ನೋಡಿ. ಅದರಲ್ಲಿ 62 ತೆಗೆದವರಿದ್ದಾರೆ. ಹತ್ತಿರದ ಗುಂಪಿನ ಎಂಟರಲ್ಲಿ ಏಳು ಮಂದಿಗಿಂತ ಅದು ಜಾಸ್ತಿ. ಗುಂಪಿನ ಸರಾಸರಿಯಿಂದ ಒಬ್ಬ ವಿದ್ಯಾರ್ಥಿಯನ್ನು ಅಳೆಯಲು ಆಗುವುದಿಲ್ಲ. ಇದು ಕಾಣುವ ಹಾಗೆ ವರದಿಯಲ್ಲಿ ಪ್ರತಿಯೊಬ್ಬರ ಅಂಕವೂ ಒಂದೊಂದು ಚುಕ್ಕೆಯಾಗಿರುವ ಚಿತ್ರ ಹಾಕಿ. ಸರಾಸರಿಯ ಎರಡು ಕಂಬಗಳ ಚಿತ್ರ ಬೇಡ.

ಐದಕ್ಕಿಂತ ಕಡಿಮೆ ಮಂದಿ ಇರುವ ಗುಂಪಿನ ಅಂಕವನ್ನು ವರದಿಯಲ್ಲಿ ಪ್ರತ್ಯೇಕವಾಗಿ ಕೊಡಬೇಡಿ. ನಮ್ಮ ತರಗತಿಗಳಲ್ಲಿ ಒಂದು ಸಮುದಾಯದಿಂದ ಇಬ್ಬರೋ ಮೂವರೋ ಇರುತ್ತಾರೆ. ಹೆಸರು ಬರೆಯದಿದ್ದರೂ ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ದಿಡ್ಡಳ್ಳಿ ಕಡೆಯಿಂದಲೋ ಯಾವುದೋ ಆದಿವಾಸಿ ಹಾಡಿಯಿಂದಲೋ ಕಾಲೇಜಿನವರೆಗೆ ಬಂದ ಮೊದಲ ಹುಡುಗಿಯ ಅಂಕ ಒಂದು ಪಟ್ಟಿಯ ಸಾಲಾಗಿ ಊರೆಲ್ಲ ಸುತ್ತಬಾರದು.

ಮುಂದಿನ ಸಲಕ್ಕೆ ಈಗಿನಿಂದಲೇ ಎರಡು ವಿಷಯ ದಾಖಲಿಸಲು ಶುರು ಮಾಡಿ. ಒಂದು, ಮೊದಲ ಪೀರಿಯಡ್ ಹಾಜರಿ ಬೇರೆ, ಉಳಿದ ಪೀರಿಯಡ್‌ಗಳ ಹಾಜರಿ ಬೇರೆ. ಇನ್ನೊಂದು, ಪ್ರತಿ ವಿದ್ಯಾರ್ಥಿಯ ಬಸ್ ಮಾರ್ಗ. ಬಸ್ಸಿನ ಮಕ್ಕಳ ಹಾಜರಿ ಮೊದಲ ಪೀರಿಯಡ್‌ನಲ್ಲಿ ಮಾತ್ರ ಕಡಿಮೆ ಇದ್ದು, ಆ ಪೀರಿಯಡ್‌ನಲ್ಲಿ ನಡೆಯುವ ಪತ್ರಿಕೆಯಲ್ಲೇ ಅಂಕವೂ ಕಡಿಮೆ ಬಂದರೆ, ಕಾಲೇಜಿನ ಸಮಯ ಅರ್ಧ ಗಂಟೆ ಮುಂದಕ್ಕೆ ಹಾಕಬೇಕು ಎಂದು ಕೇಳಲು ನಿಮ್ಮ ಕೈಯಲ್ಲಿ ಗಟ್ಟಿ ಆಧಾರ ಇರುತ್ತದೆ.